ಗಿರಣಿ ಹಿಂದಿನ ಮನೆಯ ಕಿರಿ ಸೊಸೆಯ ಕಾರ್ಡು

ನಮ್ಮ ಆಫೀಸಿನ ಬಾಗಿಲ ಅಂಚಿನಲ್ಲಿ, ನನ್ನ ಎದೆಮಟ್ಟಕ್ಕೆ, ಮಚ್ಚು ಕಚ್ಚಿದ ಗುರುತು ಇದೆ. ಹೆಬ್ಬೆರಳು ಇಟ್ಟರೆ ಅರ್ಧ ಒಳಗೆ ಹೋಗುತ್ತದೆ. ಬಣ್ಣ ಬಳಿಯಲು ಬಂದವನು ಅದಕ್ಕೆ ಏನೋ ಮೆತ್ತಿ ಸಮ ಮಾಡಿಬಿಡುತ್ತೇನೆ ಅಂದ. ಬಾಗಿಲು ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ. ಅವನು ನನ್ನ ಮುಖ ನೋಡಿ, ಗೋಡೆಗಷ್ಟೇ ಬಣ್ಣ ಹಚ್ಚಿ ಹೋದ.

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಚಿಕ್ಕವಳಿದ್ದಾಗ ಜಡೆ ಎಳೆದನೆಂದು ನಮ್ಮಣ್ಣನ ತಲೆಗೆ ಹಿತ್ತಾಳೆ ಚೊಂಬಿನಲ್ಲಿ ಹೊಡೆದು ನಾಲ್ಕು ಹೊಲಿಗೆ ಹಾಕಿಸಿದ್ದೆ. ಈಗಲೂ ಅವನು ಕಟಿಂಗ್ ಮಾಡಿಸಿಕೊಂಡು ಬಂದಾಗಲೆಲ್ಲ ಆ ಗುರುತು ಸವರಿಕೊಂಡು ನನಗೆ ಬೈಯುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಅವ್ವ ಹೇಳುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಬಾಗಿಲಿಗೆ ಮಚ್ಚು ಬಿದ್ದದ್ದು ನನ್ನ ಕೋಪದಿಂದ. ನಡುವೆ ಒಂದು ಕಂಪ್ಯೂಟರ್ ಇತ್ತು, ಅಷ್ಟೆ.

ಕೊಳ್ಳೇಗಾಲದಲ್ಲಿ ಒಂದು ಜರಿ ಅಂಗಡಿಯ ಮಹಡಿಯ ಮೇಲೆ ನಮ್ಮದು ಎರಡು ಕೋಣೆಯ ಆಫೀಸು. ಮನೆಯಲ್ಲಿ ಹೊಡೆತ ತಿಂದು ಹೊರಗೆ ಬಂದ ಹೆಂಗಸರಿಗೆ ಆಸ್ಪತ್ರೆ, ಪೊಲೀಸು, ವಕೀಲರು, ಸ್ವಲ್ಪ ಕಾಲ ಇರಲೊಂದು ಕೋಣೆ, ಇಷ್ಟನ್ನು ಹೊಂದಿಸಿಕೊಡುವ ಸಣ್ಣ ಸಂಸ್ಥೆ. ಎಲ್ಲಕ್ಕೂ ಮೇಲೆ ದೊಡ್ಡ ಮೇಡಂ. ಯಳಂದೂರು ಕಡೆ ಓಡಾಡಲು ಒಬ್ಬ ಕಾರ್ಯಕರ್ತೆ, ಹನೂರು ಕಡೆಗೆ ಒಬ್ಬಳು. ಹನೂರಿನವಳು ಗೋಪಿನಾಥಂ ಕಡೆಯ ಹೆಣ್ಣು, ಮಾತು ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ. ಆಫೀಸಿನಲ್ಲಿ ಕೂತು ಎಲ್ಲದರ ಲೆಕ್ಕವಿಡುವವಳು ನಾನು.

ಮೊದಲೆಲ್ಲ ನಮ್ಮ ಹತ್ತಿರ ಒಂದು ಉದ್ದನೆಯ ರಿಜಿಸ್ಟರು ಇತ್ತು. ರಿಜಿಸ್ಟರು ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಸೊಂಟದಲ್ಲಿ. ಯಾರು ಏನು ನೋಡಬೇಕೆಂದರೂ ನನ್ನ ಮುಂದೆ ನಿಲ್ಲಬೇಕಿತ್ತು. ಆಮೇಲೆ ನಮಗೆ ನೆರವು ಕೊಡುವವರು ಇನ್ನು ರಿಜಿಸ್ಟರು ಬೇಡ, ಕೆಲಸವನ್ನೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ಇಡಿ ಅಂದರು. ಅದರಲ್ಲಿ ಬೋರ್ಡುಗಳಿರುತ್ತವೆ, ಬೋರ್ಡಿನ ಮೇಲೆ ಕಾರ್ಡುಗಳು. ಒಬ್ಬ ಹೆಂಗಸಿಗೆ ಒಂದು ಕಾರ್ಡು. ಅವಳ ಕೆಲಸ ಎಲ್ಲಿಗೆ ಬಂತು, ಮುಂದೆ ಯಾರು ಏನು ಮಾಡಬೇಕು, ಯಾವ ದಿನ, ಎಲ್ಲ ಅದರ ಮೇಲೆ. ಯಾರಾದರೂ ಕಾರ್ಡಿನಲ್ಲಿ ಒಂದು ಸಾಲು ಬರೆದರೆ ತಂಡದಲ್ಲಿ ಇರುವ ಎಲ್ಲರ ಫೋನೂ ಕಿಣಿ ಅನ್ನುತ್ತದೆ, ಆ ಸಾಲು ಪರದೆಯ ಮೇಲೆ ಬರುತ್ತದೆ. ತಂಡಕ್ಕೆ ಯಾರನ್ನು ಸೇರಿಸಬೇಕು, ಯಾವ ಬೋರ್ಡು ಯಾರಿಗೆ ಕಾಣಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ಅಡ್ಮಿನ್. ನಾನೇ ಅಡ್ಮಿನ್. ಸೊಂಟದ ಕೀಲಿ ಹೋಗಿ ಈ ಕೀಲಿ ಬಂತು ಅಂದುಕೊಂಡೆ. ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ದೊಡ್ಡ ಮೇಡಂ ಒಂದೇ ಒಂದು ನಿಯಮ ಮಾಡಿದರು. ಕಾರ್ಡಿನ ಮೇಲೆ ಯಾವ ಹೆಂಗಸಿನ ಹೆಸರನ್ನೂ ಬರೆಯಬಾರದು. ಫೋನು ಕಳೆದುಹೋದರೆ, ಯಾರ ಕೈಗಾದರೂ ಸಿಕ್ಕರೆ, ಹೆಸರು ತಿಳಿಯಬಾರದು. ನಂಬರು ಕೊಡಿ ಅಂದರು. ನಂಬರು ಯಾರಿಗೆ ನೆನಪಿರುತ್ತದೆ? ಮೂರು ದಿನದಲ್ಲಿ ಹನ್ನೆರಡು ಯಾರು, ಹದಿನೇಳು ಯಾರು ಅಂತ ಗೊತ್ತಾಗದೆ ಕಾರ್ಯಕರ್ತೆಯರು ತಲೆ ಕೆಡಿಸಿಕೊಂಡರು. ಆಗ ಊರಿನ ಕಡೆ ನಾವೆಲ್ಲ ಜನರನ್ನು ಹೇಗೆ ಗುರುತಿಸುತ್ತೇವೋ ಹಾಗೇ ಬರೆಯತೊಡಗಿದರು. ಹುಣಸೇಮರದ ಮನೆ ದೊಡ್ಡ ಸೊಸೆ. ಟ್ಯಾಂಕಿನ ಪಕ್ಕದವಳು. ಗಿರಣಿ ಹಿಂದಿನ ಮನೆಯ ಕಿರಿ ಸೊಸೆ. ಹೆಸರಿಲ್ಲ, ನಿಯಮ ಮುರಿದಿಲ್ಲ. ನನಗೂ ಅದು ಚೆನ್ನಾಗಿ ಕಂಡಿತು. ಭೇಷ್, ಹೀಗೇ ಬರೆಯಿರಿ ಅಂದವಳು ನಾನೇ.

ಗಿರಣಿ ಹಿಂದಿನ ಮನೆಯ ಕಿರಿ ಸೊಸೆ ನಮ್ಮಲ್ಲಿಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ, ಹೂಗ್ಯಂ ಕಡೆಯಿಂದ ಬರುವ ಮೊದಲ ಬಸ್ಸಿನಲ್ಲಿ. ಹನೂರಿನ ಕಾರ್ಯಕರ್ತೆ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಓಲೆ ಹಿಡಿದು ಎಳೆದಿದ್ದರಿಂದ ಒಂದು ಕಿವಿಯ ಹಾಲೆ ಸೀಳಿ ಎರಡಾಗಿತ್ತು. ಬೆನ್ನ ಮೇಲೆ ಮುದ್ದೆ ಕೋಲಿನ ಬಾಸುಂಡೆಗಳು ಒಂದರ ಮೇಲೊಂದು ಎದ್ದಿದ್ದವು. ಹಳೆಯವು ಹಳದಿ, ಹೊಸವು ನೇರಳೆ. ಕುಡಿಯಲು ಕಾಫಿ ಕೊಟ್ಟರೆ ತುಟಿ ತೆರೆಯಲಾಗದೆ ಲೋಟ ಹಿಡಿದುಕೊಂಡು ಕೂತಳು. ವಯಸ್ಸು ಇಪ್ಪತ್ತಾರು ಇರಬಹುದು.

ಯಾಕೆ ಹೊಡೆದ ಅಂತ ಕೇಳಬಾರದು ಎನ್ನುವುದು ನಮ್ಮ ಆಫೀಸಿನ ಪಾಠ. ನಾನು ಕೇಳಿದೆ.

"ಮೊದ್ಲು ಕಾರಣ ಏಳ್ಕಂಡು ಒಡೀತಿದ್ದ ಕಣಕ್ಕ. ಈಗ ಒಡ್ದುಬುಟ್ಟು ಆಮ್ಯಾಕೆ ಕಾರಣ ಉಡುಕ್ತಾನೆ."

ಲೋಟ ಕೆಳಗಿಟ್ಟು ಅವಳೇ ಹೇಳಿದಳು: "ಎಲ್ಲಿಗೋದ್ರೂ ಉಡ್ಕಂಡ್ ಬಂದು ಕಡೀತೀನಿ ಅಂದವ್ನೆ. ಬೆದ್ರಿಕೆ ಅಂದ್ಕಬ್ಯಾಡಿ. ಏಳ್ದಂಗೆ ಮಾಡೋನು ಅವ್ನು."

ದೊಡ್ಡ ಮೇಡಂ ಅವಳ ಕಿವಿಗೆ ಹೊಲಿಗೆ ಹಾಕಿಸಿಕೊಂಡು ಬಂದು, ನಮ್ಮೆಲ್ಲರನ್ನೂ ಕೂರಿಸಿಕೊಂಡರು. ಪೊಲೀಸ್ ಕಂಪ್ಲೇಂಟು, ಕೋರ್ಟು ಎಲ್ಲ ಆಮೇಲೆ. ಇವಳು ಎಲ್ಲಿದ್ದಾಳೆ ಅಂತ ಅವನಿಗೆ ಗೊತ್ತಾಗಬಾರದು, ಸದ್ಯಕ್ಕೆ ಅಷ್ಟೇ ನಮ್ಮ ಕೆಲಸ ಅಂದರು. ಅಷ್ಟೇ ಕೆಲಸ. ಅದನ್ನೂ ನನಗೆ ಉಳಿಸಿಕೊಳ್ಳಲು ಆಗಲಿಲ್ಲ.

ಯಳಂದೂರಿನಲ್ಲಿ ಒಂಟಿ ಮುದುಕಿಯೊಬ್ಬರ ಮನೆಯ ಹಿಂಭಾಗದಲ್ಲಿ ಅವಳಿಗೊಂದು ಕೋಣೆ ಹಿಡಿದೆವು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಕೊಡಿಸಿದೆವು. ಒಂದು ವಾರದಲ್ಲಿ ಕಲಿತುಬಿಟ್ಟಳು. ನಾನು ಸೀರೆ ಕೊಡಲು ಹೋದಾಗಲೆಲ್ಲ ಅವಳ ಕೈ ನೋಡುತ್ತಾ ನಿಂತುಬಿಡುತ್ತಿದ್ದೆ. ಎಳೆ ಬಿಡಿಸುವುದು, ಹೊಸೆಯುವುದು, ಗಂಟು ಹಾಕುವುದು, ಹತ್ತು ಬೆರಳೂ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಎರಡು ತಿಂಗಳಿಗೆ ಮೈ ತುಂಬಿಕೊಂಡಳು. ಒಂದು ದಿನ ಮುದುಕಿ ಹೇಳಿದ ಯಾವುದೋ ಮಾತಿಗೆ ಬಾಯಿ ತೆರೆದು ನಕ್ಕಳು. ಆ ನಗು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಯಾರ ಮೇಲೂ ಜಗಳ ತೆಗೆಯಲಿಲ್ಲ.

ಇನ್ನು ಜೀಪಿನವನ ವಿಷಯ. ಹನೂರಿನ ಒಬ್ಬ ಡ್ರೈವರು ನಮಗೆ ಬೇಕಾದ ದಿನ ಬಾಡಿಗೆಗೆ ಬರುತ್ತಿದ್ದ. ಬೇಡದ ದಿನ ಹನೂರಿಂದ ಹೂಗ್ಯಂ ಕಡೆಗೆ ಜನರನ್ನು ತುಂಬಿಕೊಂಡು ಟ್ರಿಪ್ಪು ಹೊಡೆಯುತ್ತಿದ್ದ. ಬಸ್ಸು ಕಡಿಮೆ ಇರುವ ದಾರಿ, ಮುಂದಿನ ಸೀಟಿನಲ್ಲೇ ಮೂರು ಜನ. ಒಳ್ಳೆಯ ಮನುಷ್ಯ. ಗಾಯವಾದ ಹೆಂಗಸರನ್ನು ಕರೆತರುವಾಗ ಹಳ್ಳ ಬಂದರೆ ಗಾಡಿ ನಿಲ್ಲಿಸಿ, ಇಳಿದು ನೋಡಿ, ಮೆಲ್ಲಗೆ ದಾಟಿಸುತ್ತಿದ್ದ. ಅವನದು ಒಂದೇ ತೊಂದರೆ, ಫೋನು.

"ಅಕ್ಕ, ನಾಳಿಕ್ಕೆ ಯಾವೂರು?" ಹತ್ತು ನಿಮಿಷ ಬಿಟ್ಟು, "ಅಕ್ಕ, ಎಷ್ಟ್ ಗಂಟ್ಗೆ ಅಂದ್ರಿ?" ಮತ್ತೆ, "ಅಕ್ಕ, ಯಾರ್ನ ಅತ್ತುಸ್ಕಬೇಕು?"

ಒಂದು ಮಧ್ಯಾಹ್ನ ನಾನು ವರ್ಷದ ವರದಿ ಬರೆಯುತ್ತಾ ಕೂತಿದ್ದೆ. ಕೆಳಗಡೆ ಅಂಗಡಿಯಲ್ಲಿ ಜನರೇಟರು ಬಡಿದುಕೊಳ್ಳುತ್ತಿತ್ತು. ಅವನ ಆರನೇ ಕಾಲ್ ಬಂತು. ನನ್ನ ತಲೆ ಸಿಡಿದು ಹೋಯಿತು.

"ದಿನಾ ನನ್ನ ತಲೆ ತಿನ್ನಬೇಡ. ನಿನ್ನನ್ನೂ ಅದರಲ್ಲಿ ಹಾಕ್ತೀನಿ, ನೋಡ್ಕಂಡು ಸಾಯಿ!" ಅಂದು ಫೋನು ಕುಕ್ಕಿದೆ.

ಗಾಡಿಯ ಕೆಲಸಕ್ಕೆಂದೇ ಸಾಫ್ಟ್‌ವೇರಿನಲ್ಲಿ ಬೇರೆ ಬೋರ್ಡು ಮಾಡಿದ್ದೆ. ಯಾವ ದಿನ, ಯಾವ ಊರು, ಎಷ್ಟು ಗಂಟೆ, ಅಷ್ಟೇ ಅದರಲ್ಲಿ. ಅವನನ್ನು ಅದಕ್ಕೆ ಮಾತ್ರ ಸೇರಿಸಬೇಕಿತ್ತು. ನಂಬರು ಒತ್ತಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಬೋರ್ಡಿಗೆ ಮಾತ್ರವೋ, ಇಡೀ ತಂಡಕ್ಕೋ? ಇಡೀ ತಂಡ ಅನ್ನುವುದರ ಮುಂದೆ ಆಗಲೇ ಟಿಕ್ ಬಿದ್ದಿತ್ತು. ನಾನು ಓದಲಿಲ್ಲ. ಓದುವಷ್ಟು ತಾಳ್ಮೆ ಆ ಹೊತ್ತಿನಲ್ಲಿ ಇರಲಿಲ್ಲ. ಸರಿ ಅನ್ನುವ ಗುಂಡಿಯನ್ನು, ಅವನ ತಲೆಗೆ ಕುಕ್ಕಿದ ಹಾಗೆ ಕುಕ್ಕಿದೆ.

ಮೂರು ದಿನ ಬಿಟ್ಟು ಅವನೇ ಹೇಳಿದ್ದ.

"ಅಕ್ಕ, ಅದು ದಿನಕ್ಕೆ ಇಪ್ಪತ್ ಸಲ ಕಿಣಿ ಕಿಣಿ ಅಂತದೆ. ನಂಗೆ ಸಂಬಂದ ಇಲ್ದಿದ್ದೆಲ್ಲ ಬತ್ತದೆ."

"ಬಂದರೆ ಬರಲಿ. ನೀನು ಗಾಡಿ ಓಡಿಸು," ಅಂದೆ.

ಅವನು ಗಾಡಿ ಓಡಿಸಿದ. ಫೋನನ್ನು ಸ್ಟೇರಿಂಗಿನ ಪಕ್ಕದಲ್ಲಿ, ಗಾಜಿಗೆ ಅಂಟಿಸುವ ಹಿಡಿಯಲ್ಲಿ ಸಿಕ್ಕಿಸಿಕೊಂಡು ಓಡಿಸಿದ. ಮುಂದಿನ ಸೀಟಿನಲ್ಲಿ ಕೂತ ಮೂವರಿಗೂ ಚೆನ್ನಾಗಿ ಕಾಣುವ ಹಾಗೆ.

ಯಳಂದೂರಿನಲ್ಲಿ ಇಟ್ಟಿದ್ದ ಆ ಸೊಸೆಯ ಹೇಳಿಕೆ ಬರೆದುಕೊಳ್ಳಲು ವಕೀಲರು ಮಂಗಳವಾರ ನಮ್ಮ ಆಫೀಸಿಗೇ ಬರುವುದೆಂದು ತೀರ್ಮಾನವಾಯಿತು. ಶನಿವಾರ ಕಾರ್ಡಿನಲ್ಲಿ ನನ್ನ ಕೈಯಾರೆ ಬರೆದೆ: ಗಿರಣಿ ಹಿಂದಿನ ಮನೆಯ ಕಿರಿ ಸೊಸೆ, ಮಂಗಳವಾರ ಹನ್ನೊಂದಕ್ಕೆ ಕೊಳ್ಳೇಗಾಲ ಆಫೀಸು.

ಮಂಗಳವಾರ ಅವಳು ಹತ್ತೂವರೆಗೇ ಬಂದು ಕಿಟಕಿಯ ಕಡೆ ಕೂತಿದ್ದಳು. ಕಟ್ಟಿ ಮುಗಿಸಿದ ಸೀರೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ವಕೀಲರು ದಾರಿಯಲ್ಲಿದ್ದರು, ದೊಡ್ಡ ಮೇಡಂ ಅವರನ್ನು ಕರೆತರಲು ಹೋಗಿದ್ದರು. ಆಫೀಸಿನಲ್ಲಿ ನಾವಿಬ್ಬರೇ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ವಕೀಲರೆಂದುಕೊಂಡು ನಾನು ಬಾಗಿಲಿಗೆ ಹೋದೆ. ಕೈಯಲ್ಲಿ ಸಿಮೆಂಟ್ ಚೀಲ ಸುತ್ತಿ ಹಿಡಿದ ಗಂಡಸೊಬ್ಬ ಹತ್ತಿ ಬರುತ್ತಿದ್ದ. ನಾನು ಅವನನ್ನು ಹಿಂದೆ ಎಂದೂ ನೋಡಿರಲಿಲ್ಲ. ಆದರೆ ನನ್ನ ಬೆನ್ನ ಹಿಂದೆ ಅವಳ ಉಸಿರು ಸಿಕ್ಕಿಕೊಂಡ ಸದ್ದು ಕೇಳಿತು, ಅಷ್ಟರಲ್ಲೇ ಗೊತ್ತಾಗಿ ಹೋಯಿತು.

ಬಾಗಿಲು ನೂಕಿದೆ. ಅವನು ಹೆಗಲು ಕೊಟ್ಟ. ನನ್ನದು ಗಟ್ಟಿ ಮೈಯೇ, ಆದರೆ ಅವನ ಮುಂದೆ ಎಲ್ಲಿ ಸಾಲುತ್ತದೆ. ಬಾಗಿಲು ಒಂದು ಗೇಣು ತೆರೆಯಿತು, ಮತ್ತೆ ಎರಡು ಗೇಣು. ಚೀಲ ಬಿಸಾಕಿದ. ಮಚ್ಚು ಕಂಡಿತು. "ಒಳಗಡೆ ಹೋಗಿ ಚಿಲಕ ಹಾಕ್ಕೋ!" ಅಂತ ನಾನು ಅವಳಿಗೆ ಕೂಗಿದೆ. ಒಳಗಿನ ಕೋಣೆಗೆ ನಾಲ್ಕು ಹೆಜ್ಜೆ. ಅವಳು ಹೋಗಬಹುದಿತ್ತು. ಹೋಗಲಿಲ್ಲ. ಓಡಿ ಬಂದು ನನ್ನ ಜೊತೆಗೆ ನಿಂತು, ಬಾಗಿಲ ಅಂಚನ್ನು ಎಡಗೈಯಲ್ಲಿ ಹಿಡಿದು ನೂಕತೊಡಗಿದಳು. ಅವಳ ಬೆರಳು ಅಂಚಿನಿಂದ ಆಚೆಗೆ ಕಾಣುತ್ತಿದ್ದವು. ಅವನು ಅಲ್ಲಿಗೇ ಬೀಸಿದ.

ಟಕ್ ಅಂತ ಮರಕ್ಕೆ ಬಿದ್ದ ಸದ್ದೇ ನನಗೆ ಕೇಳಿದ್ದು. ಅವಳು ಕಿರುಚಲಿಲ್ಲ. ಕೈಯನ್ನು ಎಳೆದುಕೊಂಡು, ಇದು ಯಾರ ಕೈಯೋ ಎಂಬಂತೆ ನೋಡಿದಳು. ಮಧ್ಯದ ಬೆರಳೂ ಉಂಗುರದ ಬೆರಳೂ ಇರಲಿಲ್ಲ. ರಕ್ತ ನನ್ನ ಮುಖಕ್ಕೆ, ಕನ್ನಡಕಕ್ಕೆ ಹಾರಿತು.

ಮಚ್ಚು ಬಾಗಿಲಲ್ಲಿ ಕಚ್ಚಿಕೊಂಡಿತ್ತು. ಅವನು ಕಿತ್ತುಕೊಳ್ಳಲು ಒದ್ದಾಡುತ್ತಿದ್ದ. ಮೇಜಿನ ಮೇಲೆ ಫೈಲಿಗೆ ತೂತು ಹಾಕುವ ಕಬ್ಬಿಣದ ಪಂಚಿಂಗ್ ಮಿಷನ್ ಇತ್ತು, ಹಳೆಯ ಕಾಲದ ಭಾರದ ಸಾಮಾನು. ಅದನ್ನು ಎತ್ತಿ ಮೊದಲು ಅವನ ಮೊಣಕೈಗೆ ಹೊಡೆದೆ. ಹಿಡಿ ಬಿಟ್ಟ. ಎರಡನೆಯದು ಕೆನ್ನೆಗೆ. ಮೂರನೆಯದಕ್ಕೆ ಅವನು ಮೆಟ್ಟಿಲ ಮೇಲೆ ಕುಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಗ್ಗಿ ಕೂತು ಹೊಡೆದೆ, ಬಾಯಿಗೆ, ಭುಜಕ್ಕೆ, ಅಡ್ಡ ಹಿಡಿದ ಕೈಗೆ. ಅವನ ಹಲ್ಲು ಮುರಿದದ್ದು ನನ್ನ ಕೈಗೇ ತಿಳಿಯಿತು. ನಿಜ ಹೇಳುತ್ತೇನೆ, ಹಿತವಾಗಿತ್ತು. ಅಂಗಡಿಯ ಗಂಡಸರು ಹತ್ತಿ ಬಂದು ಸೊಂಟ ಹಿಡಿದು ಎಳೆಯುವವರೆಗೂ ಹೊಡೆಯುತ್ತಲೇ ಇದ್ದೆ.

ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಬೆರಳುಗಳನ್ನು ಯಾರೋ ಜರಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹಿಂದೆಯೇ ಓಡಿದರು. ಕೂಡಿಸಲು ಆಗಲಿಲ್ಲ.

ಆ ದಿನ ಸಂಜೆ ಠಾಣೆಯಲ್ಲಿ ಇನ್ಸ್‌ಪೆಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಅವ್ನಿಗೆ ಎಂಗೆ ಗೊತ್ತಾಯ್ತು ಅಂತ ಬಾಯ್ ಬುಟ್ಟವ್ನೆ ಕಣಮ್ಮ. ಅವ್ರಣ್ಣ ನಿಮ್ ಜೀಪಲ್ಲಿ ಮುಂದ್ಗಡೆ ಕುಂತಿದ್ನಂತೆ. ಡ್ರೈವರ್ ಫೋನಲ್ಲಿ ಬಂತಂತೆ, ಗಿರಣಿ ಇಂದ್ಲ ಮನೆ ಕಿರೀ ಸೊಸೆ, ಮಂಗ್ಳವಾರ ಅನ್ನೊಂದಕ್ಕೆ ಕೊಳ್ಳೇಗಾಲ ಆಪೀಸು ಅಂತ. ಆ ಊರಲ್ಲಿ ಗಿರಣಿ ಒಂದೇ. ಅದ್ರಿಂದೆ ಮನೆ ಒಂದೇ. ಕಿರೀ ಸೊಸೆನೂ ಒಬ್ಳೇ."

ಹೆಸರು ಬರೆದಿದ್ದರೆ? ಅವಳ ಹೆಸರಿನವರು ಆ ಊರಲ್ಲಿ ಹತ್ತಾರು ಜನ ಇದ್ದಾರೆ. ದೇವರ ಹೆಸರು, ಮನೆಗೊಬ್ಬಳಿಗೆ ಇಟ್ಟಿರುತ್ತಾರೆ. ಹೆಸರು ಓದಿದ್ದರೆ ಅವನ ಅಣ್ಣ ಯಾರೋ ಏನೋ ಅಂದುಕೊಂಡು ಸುಮ್ಮನಾಗುತ್ತಿದ್ದನೇನೋ. ಅವಳ ಗುಟ್ಟು ಕಾಯಲೆಂದು ಹೆಸರು ಬಿಟ್ಟು, ನಾವು ಅವಳ ಮನೆಯ ಬಾಗಿಲನ್ನೇ ತೋರಿಸಿಕೊಟ್ಟಿದ್ದೆವು. ಆದರೆ ಆ ಸಂಜೆ ನನಗೆ ಇದೊಂದೂ ಹೊಳೆಯಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಡ್ರೈವರ್ ಅನ್ನುವ ಒಂದು ಮಾತು ಮಾತ್ರ.

ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಹನೂರಿಗೆ ಹೋದೆ. ಜೀಪುಗಳು ನಿಲ್ಲುವ ಜಾಗದಲ್ಲಿ ಅವನು ಗಾಜು ಒರೆಸುತ್ತಿದ್ದ. ನನ್ನನ್ನು ನೋಡಿ, "ಅಕ್ಕ, ಆಯಮ್ಮ ಎಂಗವ್ರೆ?" ಅಂದ. ನಾನು ಕಾಲಿನ ಚಪ್ಪಲಿ ತೆಗೆದು ಮುಖಕ್ಕೆ ಹೊಡೆದೆ.

"ಎಷ್ಟಕ್ಕೆ ಮಾರಿದೆ ಅವಳನ್ನ? ಹೇಳೋ!"

"ಅಕ್ಕ, ನಾನೇನ್ ಮಾಡ್ದೆ? ನೀವೇ ಆಕ್ಕೊಟ್ಟಿದ್ದಲ್ವಾ ಅದ!"

ಮತ್ತೆ ಹೊಡೆದೆ. ಅವನು ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಂಡು ನಿಂತ. ಜನ ಸೇರಿದರು. ಏನು, ಯಾಕೆ ಅಂತ ಯಾರೂ ಕೇಳಲಿಲ್ಲ. ಹೆಂಗಸೊಬ್ಬಳ ಬೆರಳು ಕಡಿದುಹೋದ ಸುದ್ದಿ ಆಗಲೇ ಹನೂರಿಗೆ ಮುಟ್ಟಿತ್ತು. ಇವನೇ ಹಿಡಿದುಕೊಟ್ಟವನು ಅಂತ ನಾನು ಕೂಗಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾಲ್ಕೈದು ಗಂಡಸರು ಅವನನ್ನು ಜೀಪಿನ ಬಾನೆಟ್ಟಿಗೆ ಒತ್ತಿ ಹಿಡಿದು ಗುದ್ದಿದರು. ಒಬ್ಬ ಹೊಟ್ಟೆಗೆ ಒದ್ದ. ಅವನು ನೆಲಕ್ಕೆ ಬಿದ್ದು, ಬಾಯಿಂದ ರಕ್ತ ಉಗುಳಿ, ನನ್ನ ಕಡೆಗೆ ನೋಡಿದ. ನಾನು ಚಪ್ಪಲಿ ಹಾಕಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಆಫೀಸಿಗೆ ಬಂದು ಮಾಡಿದ ಮೊದಲ ಕೆಲಸ, ಅವನನ್ನು ತಂಡದಿಂದ ಕಿತ್ತುಹಾಕಲು ಸಾಫ್ಟ್‌ವೇರು ತೆರೆದದ್ದು. ಅಲ್ಲಿ ಒಂದು ಪುಟ ಇದೆ. ಯಾರು ಯಾವಾಗ ಏನು ಮಾಡಿದರು ಅನ್ನುವುದೆಲ್ಲ ಅದರಲ್ಲಿ ತಾನಾಗಿ ದಾಖಲಾಗುತ್ತದೆ, ಅಳಿಸಲು ಬರುವುದಿಲ್ಲ. ಅವನ ನಂಬರಿನ ಮುಂದೆ ಒಂದು ಸಾಲು ಇತ್ತು. ಇಡೀ ತಂಡಕ್ಕೆ ಸೇರಿಸಿದವರು: ಅಡ್ಮಿನ್. ಮಧ್ಯಾಹ್ನದ ಹೊತ್ತನ್ನೂ ಬರೆದಿತ್ತು. ಜನರೇಟರು ಬಡಿದುಕೊಳ್ಳುತ್ತಿದ್ದ ಆ ಮಧ್ಯಾಹ್ನ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಬಂದಿದ್ದೆ. ದೊಡ್ಡ ಮೇಡಂ ಎದುರಿಗೆ ಕೂತಿದ್ದರು. ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಅವರು ಓದಿದರು. ಬೈಯಲಿಲ್ಲ. ಹನೂರಿನ ಕಾರ್ಯಕರ್ತೆ ಮಾತ್ರ ಎದ್ದು ಬಂದು, ತಮಿಳಿನಲ್ಲಿ ಒಂದು ಮಾತು ಬೈದು, ನನ್ನ ಕೆನ್ನೆಗೆ ಬಾರಿಸಿದಳು. ನಾನು ತಿರುಗಿ ಹೊಡೆಯದೆ ಸುಮ್ಮನಿದ್ದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಎರಡು ದಿನ ಬಿಟ್ಟು ಡ್ರೈವರನ ಮನೆಗೆ ಹೋದೆ. ಅವನ ಕಣ್ಣು ಊದಿ ಮುಚ್ಚಿಹೋಗಿತ್ತು. ಹೆಂಡತಿ ಒಳಗೆ ಕರೆಯಲಿಲ್ಲ. ತಪ್ಪಾಯಿತು ಕಣಪ್ಪ ಅಂದೆ.

ಅವನು ಹೇಳಿದ: "ನೀವು ಮೆಟ್ಟಲ್ಲಿ ಒಡ್ದಿದ್ದು ಇಡೀ ಅನೂರು ನೋಡ್ಯದೆ. ಈಗ ತಪ್ಪಾಯ್ತು ಅಂತಿರೋದ ಯಾರಕ್ಕ ನೋಡ್ತಾವ್ರೆ?"

ಅಲ್ಲಿಂದ ನೇರ ಜೀಪು ನಿಲ್ಲುವ ಜಾಗಕ್ಕೆ ಬಂದೆ. ಅವನೂ ನನ್ನ ಹಿಂದೆ ಬಂದ. ಅದೇ ಡ್ರೈವರುಗಳು, ಅದೇ ಟೀ ಅಂಗಡಿ. ನಾನು ಗಟ್ಟಿಯಾಗಿ ಹೇಳಿದೆ. ಇವನು ಏನೂ ಮಾಡಿಲ್ಲ, ಮಾಡಿದ್ದು ನಾನು, ಇವನ ಫೋನಿಗೆ ಅದು ಬರುವ ಹಾಗೆ ಮಾಡಿದ್ದು ನಾನು, ಇವನು ಹೇಳಿದಾಗಲೂ ಕೇಳದೆ ಹೋದವಳು ನಾನು. ಗುದ್ದಿದವರು ನೆಲ ನೋಡಿದರು. ಹಿಂದಿನಿಂದ ಒಬ್ಬ, "ಒಡ್ಯಾಗ ಗಂಟ್ಲು ಇನ್ನೂ ಜೋರಾಗಿತ್ತಲ್ಲಮ್ಮೋ," ಅಂದ. ಎಲ್ಲರೂ ನಕ್ಕರು. ಕೋಪ ಬಂತು. ನುಂಗಿಕೊಂಡು, ಆವತ್ತು ಹೊಡೆಯುವಾಗ ಕೂಗಿದ್ದಕ್ಕಿಂತ ಜೋರಾಗಿ ಇನ್ನೊಂದು ಸಲ ಮೊದಲಿಂದ ಹೇಳಿದೆ. ಡ್ರೈವರು ಮತ್ತೆ ನಮ್ಮ ಬಾಡಿಗೆಗೆ ಬರಲಿಲ್ಲ. ಬರಬೇಕು ಅಂತ ನಾನೂ ಕೇಳಲಿಲ್ಲ.

ಅವಳಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು, ಒಂದನ್ನೂ ಬಿಡದೆ ಹೇಳಿದೆ. ಡ್ರೈವರನ ಆರನೇ ಫೋನು, ಓದದೆ ಒತ್ತಿದ ಗುಂಡಿ, ಕಿಣಿ ಕಿಣಿ ಅನ್ನುತ್ತದೆ ಅಂದಾಗ ನಾನು ಗದರಿದ್ದು. ಅವಳು ಪೂರ್ತಿ ಕೇಳಿಸಿಕೊಂಡಳು. ನನ್ನ ಪ್ರಾಣ ಉಳಿಸಲು ಒಳಗೆ ಹೋಗದೆ ಬಾಗಿಲಿಗೆ ಕೈ ಕೊಟ್ಟವಳು ಅವಳು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಹಣ್ಣು ತಂದಿಟ್ಟರೆ ಮುಟ್ಟುತ್ತಿರಲಿಲ್ಲ, ಮಾತಾಡಿಸಿದರೆ ಆಡುತ್ತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಅಂತ ನಮ್ಮವ್ವ ನನಗೆ ಎಷ್ಟು ಸಲ ಹೇಳಿದ್ದಳೋ. ನನ್ನ ಸಿಟ್ಟಿಗೆ ಹೋದದ್ದು ನನ್ನ ಮೂಗಾಗಿರಲಿಲ್ಲ.

ಗಂಡ ಜೈಲಿಗೆ ಹೋದ. ಆದರೆ ಅವನ ಅಣ್ಣ ಹೊರಗಿದ್ದ. ತಮ್ಮ ಬಿಟ್ಟ ಕೆಲಸ ನಾನು ಮುಗಿಸುತ್ತೇನೆ ಅಂತ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಯಳಂದೂರಿನ ಕೋಣೆಯಲ್ಲಿ ಇನ್ನು ಅವಳನ್ನು ಇಡುವ ಹಾಗಿರಲಿಲ್ಲ. ಬೇರೆ ಊರು ನೋಡಬೇಕಿತ್ತು. ಮೊದಲಿನ ಕೆಲಸವೇ ಮತ್ತೆ ಮುಂದೆ ನಿಂತಿತ್ತು, ಇವಳು ಎಲ್ಲಿದ್ದಾಳೆ ಅಂತ ಅವರಿಗೆ ಗೊತ್ತಾಗಬಾರದು.

ಕೈ ಮಾಗಿದ ಮೇಲೆ ಒಂದು ಬೆಳಗ್ಗೆ ಹನೂರಿನ ಕಾರ್ಯಕರ್ತೆಯ ಜೊತೆ ಆಫೀಸಿಗೆ ಬಂದಳು. ಬಾಗಿಲ ಹತ್ತಿರ ನಿಂತು ಆ ಗುರುತು ನೋಡಿದಳು. ಒಳಗೆ ಬಂದು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಅದೇನ ಬರ್ದಿದಿರಲ್ಲ ನನ್ ಮ್ಯಾಲೆ, ಅದ ತೋರ್ಸಿ."

ಕಾರ್ಡು ತೆರೆದೆ. ಓದಿ ಹೇಳಿ ಅಂದಳು. ಓದಿದೆ. ಗಿರಣಿ ಹಿಂದಿನ ಮನೆಯ ಕಿರಿ ಸೊಸೆ.

"ಯಾರದು?"

"ನೀನೇ ಕಣಮ್ಮ."

"ನಾನು ಆ ಮನೆ ಬುಟ್ಟು ಬಂದು ಎಷ್ಟ್ ತಿಂಗ್ಳಾಯ್ತು? ಬೆರ್ಳು ಕೊಟ್ಟು ಬುಡ್ಸ್ಕಂಡಿವ್ನಿ. ನೀವು ಇದ್ರೊಳ್ಗೆ ನನ್ನ ಇನ್ನೂ ಅಲ್ಲೇ ಮಡ್ಗಿದಿರಲ್ಲಕ್ಕ."

ನನಗೆ ಕಣ್ಣು ತುಂಬಿ ಬಂತು. ಅವಳಿಗೆ ಅದು ಬೇಕಿರಲಿಲ್ಲ. "ಅಳ್ಸಿ ಅದ," ಅಂದಳು. ಅಳಿಸಿದೆ. ಏನು ಬರೆಯಲಿ ಅಂದೆ. ಸ್ವಲ್ಪ ಯೋಚಿಸಿ, ಕುಚ್ಚು ಕಟ್ಟೋಳು ಅಂತ ಬರೆಯಿರಿ ಅಂದಳು. ಉಳಿದ ಮೂರು ಬೆರಳಲ್ಲಿ ಎಳೆ ಹಿಡಿಯುವುದನ್ನು ಆಗಲೇ ಕಲಿಯುತ್ತಿದ್ದಳಂತೆ. ಕೊಳ್ಳೇಗಾಲದ ಸುತ್ತ ಕುಚ್ಚು ಕಟ್ಟುವವರು ಮನೆಗೊಬ್ಬರು ಇದ್ದಾರೆ.

"ಇದ ಯಾರ್ಯಾರು ನೋಡ್ಬೋದು?"

ಪಟ್ಟಿ ತೆಗೆದು ತೋರಿಸಿದೆ. ಒಂದೊಂದೇ ಹೆಸರನ್ನು ಬೆರಳಿಟ್ಟು ಕೇಳುತ್ತಾ ಹೋದಳು. ದೊಡ್ಡ ಮೇಡಂ ಇರಲಿ. ಹನೂರಿನ ಅಕ್ಕ ಇರಲಿ. ಯಳಂದೂರಿನ ಅಕ್ಕನಿಗೆ ಇನ್ನು ಏನು ಕೆಲಸ, ತೆಗೆಯಿರಿ. ತೆಗೆದೆ. ಬೆರಳು ಕೊನೆಯ ಸಾಲಿಗೆ ಬಂತು.

"ಇದ್ಯಾರು?"

"ನಾನು."

"ತೆಗೀರಿ."

ಮೂಗಿನ ತುದಿಗೆ ಬಂತು ಕೋಪ. ನಾನು ಅಡ್ಮಿನ್ ಕಣಮ್ಮ, ಇದನ್ನೆಲ್ಲ ನಡೆಸುವವಳೇ ನಾನು, ನನ್ನನ್ನು ತೆಗೆದರೆ ಹೇಗೆ ಅನ್ನಲು ಬಾಯಿ ತೆರೆದೆ. ಅವಳು ಎಡಗೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು, ಆವತ್ತು ಬಾಗಿಲು ಹಿಡಿದ ಹಾಗೆ. ನಾನು ಬಾಯಿ ಮುಚ್ಚಿದೆ. ಅಡ್ಮಿನ್ ಕೆಲಸವನ್ನು ದೊಡ್ಡ ಮೇಡಂ ಹೆಸರಿಗೆ ಮಾಡಿದೆ. ಆಮೇಲೆ ನನ್ನ ಹೆಸರಿನ ಮುಂದೆ ಒತ್ತಿದೆ. ಪರದೆಯ ಮೇಲೆ ಪ್ರಶ್ನೆ ಬಂತು. ಇನ್ನು ಮುಂದೆ ಈ ಕಾರ್ಡು ನಿಮಗೆ ಕಾಣುವುದಿಲ್ಲ, ಖಂಡಿತವೇ? ಎರಡು ಸಲ ಓದಿದೆ. ಅವಳಿಗೂ ಓದಿ ಹೇಳಿದೆ. ಹೂಂ ಅಂದಳು. ಒತ್ತಿದೆ.

"ಈಗ ಕಾಣಾಕಿಲ್ವಾ?"

"ಇಲ್ಲ."

"ಸರಿ," ಅಂತ ಎದ್ದಳು. ಹೋಗುವಾಗ ಬಾಗಿಲನ್ನು ಆ ಮೂರು ಬೆರಳಲ್ಲೇ ಹಿಡಿದು ಮೆಲ್ಲಗೆ ಎಳೆದುಕೊಂಡು ಹೋದಳು.

ಅವಳು ಈಗ ಯಾವ ಊರಿನಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನಾನು ಕೇಳಿದರೂ ಹೇಳಬೇಡಿ ಅಂತ ದೊಡ್ಡ ಮೇಡಂಗೆ ಹೇಳಿಟ್ಟಿದ್ದೇನೆ. ಎರಡು ಸಲ ಕೇಳಿದೆ. ಅವರು ಹೇಳಲಿಲ್ಲ.